ಧರೆ ಮಣ್ಣು ಮತ್ತು ಟೈರಿನೊಳಗಿನ ನೀರು

ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಇರುವುದರಿಂದ, ಮಳೆಗಾಲದಲ್ಲಿ ಮನೆಯ ದಾರಿಗೆ ಧರೆ ಕುಸಿಯುವುದು ನಮಗೆ ಹೊಸತಲ್ಲ. ಬಿದ್ದ ಮಣ್ಣನ್ನು ಬಳಿದು ಹಾಕಲು ನನ್ನಲ್ಲಿರುವುದು 35 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರ್ ಮತ್ತು ಅದರ ಹಿಂದೆ ಕಟ್ಟುವ ಲೆವೆಲರ್ ಬ್ಲೇಡ್. ಕಳೆದ ಆಷಾಢದಲ್ಲಿ ಎಂಜಿನ್ ಎಷ್ಟು ಗರ್ಜಿಸಿದರೂ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿದವು; ಟೈರಿನ ಹಲ್ಲುಗಳ ನಡುವೆ ಕೆಮ್ಮಣ್ಣು ಮೆತ್ತಿಕೊಂಡು ಇಡೀ ಗಾಲಿ ಸಾರಿಸಿದ ಗೋಡೆಯಂತೆ ನುಣ್ಣಗಾಗಿತ್ತು.

ತೂಕ ಸಾಲದು ಎಂದುಕೊಂಡು ಬ್ಲೇಡಿನ ಚೌಕಟ್ಟಿನ ಮೇಲೆ ಮರಳಿನ ಚೀಲಗಳನ್ನು ಬಿಗಿದೆ. ಏರಿನಲ್ಲಿ ಮುಂದಿನ ಗಾಲಿಗಳು ಹಗುರವಾಗಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೂ ಗಾಡಿ ನೇರವಾಗಿ ಚರಂಡಿಯ ಕಡೆಗೆ ನಡೆಯಿತು. ಹಿಂದಿನ ಅಚ್ಚಿಗಿಂತ ಹಿಂದೆ ಹೇರಿದ ಭಾರ ಹಾರೆಯಂತೆ ಕೆಲಸ ಮಾಡಿ ಮೂತಿಯನ್ನು ಎತ್ತುತ್ತದೆ. ಕಡಿದಾದ ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲೂಬಹುದು. ಅಂದೇ ಚೀಲಗಳನ್ನು ಇಳಿಸಿದೆ.

ಟೈರಿನೊಳಗೆ ನೀರು ತುಂಬಿದರೆ ಆ ಭಾರ ನೇರವಾಗಿ ನೆಲದ ಮೇಲೆಯೇ ಕೂರುತ್ತದೆ, ಅಚ್ಚಿನ ಬೇರಿಂಗುಗಳಿಗೂ ಹೊರೆಯಾಗುವುದಿಲ್ಲ. ಜಾಕ್ ಕೊಟ್ಟು ಗಾಲಿಯನ್ನೆತ್ತಿ, ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ತಿರುಗಿಸಿ, ಒಳಗಿನ ಪಿನ್ ತೆಗೆದು, ಪೈಪಿನಿಂದ ನೀರು ಬಿಡುತ್ತಾ ನಡುನಡುವೆ ಗಾಳಿಯನ್ನು ಹೊರಹೋಗಲು ಬಿಟ್ಟೆವು. ವಾಲ್ವಿನ ಮಟ್ಟಕ್ಕೆ ನೀರು ಬಂದರೆ ಟ್ಯೂಬು ಸುಮಾರು ಮುಕ್ಕಾಲು ತುಂಬಿದಂತೆ. ಉಳಿದ ಜಾಗಕ್ಕೆ ಗಾಳಿ ಹೊಡೆಯಬೇಕು, ಏಕೆಂದರೆ ಪೂರ್ತಿ ನೀರಾದರೆ ಟೈರಿಗೆ ಕುಗ್ಗುವ ಗುಣವೇ ಇರುವುದಿಲ್ಲ. ಒಂದೊಂದು ಟೈರಿಗೆ ಸುಮಾರು 130 ಲೀಟರ್, ಎಂದರೆ ಅಷ್ಟೇ ಕಿಲೋ ಹಿಡಿಯಿತು. ಇನ್ನು ಪಂಕ್ಚರ್ ಆದರೆ ಆ ಗಾಲಿಯನ್ನು ಬಿಚ್ಚುವವರ ಬೈಗುಳವನ್ನು ನಾನೇ ಕೇಳಬೇಕು.

ಅಮೆರಿಕದ ಮಿನ್ನೆಸೋಟದಲ್ಲಿ ಹಳೆಯ ಟ್ರ್ಯಾಕ್ಟರಿನಿಂದಲೇ ಅಂಗಳದ ಹಿಮ ತಳ್ಳುವ ನನ್ನ ಭಾವನ ಮಗ ಇದನ್ನು ಕೇಳಿ ನಕ್ಕ. ಅಲ್ಲಿ ಬರಿಯ ನೀರು ಹೆಪ್ಪುಗಟ್ಟುವುದರಿಂದ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ತುಂಬುವ ರೂಢಿಯಿದೆ; ಅದು ನೀರಿಗಿಂತ ಭಾರವಾದರೂ ಸೋರಿದರೆ ರಿಮ್ಮನ್ನು ತಿಂದುಹಾಕುತ್ತದೆ. ಗಾಲಿಗೆ ಸರಪಳಿಯನ್ನೂ ಸುತ್ತುತ್ತಾರಂತೆ. ನಮಗೆ ಬಾವಿಯ ನೀರೇ ಸಾಕಾಯಿತು.

ಆದರೂ ಸವೆದ ಹಲ್ಲಿಗೆ ತೂಕ ಪರಿಹಾರವಲ್ಲ ಎಂಬುದು ಮೊದಲ ದಿನವೇ ತಿಳಿದು, ಎರಡು ಟೈರುಗಳನ್ನೂ ಬದಲಿಸಿದೆ. ನೀರನ್ನು ಹೊರಚೆಲ್ಲಿ ಮತ್ತೆ ತುಂಬುವ ಕೆಲಸ ಎರಡನೆಯ ಸಲ. ಒಂದೇ ಗಾಲಿ ಜಾರಿದಾಗ, ಹಿಂದಿನ ಎರಡೂ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಒತ್ತುತ್ತೇನೆ, ತಿರುವಿಗೆ ಮುಂಚೆ ಬಿಡುತ್ತೇನೆ. ಈ ವರ್ಷ ಬಿದ್ದ ಮೊದಲ ಧರೆಯನ್ನು ಬ್ಲೇಡಿಗೆ ಅರ್ಧರ್ಧವೇ ಮಣ್ಣು ಕೊಟ್ಟು ಎರಡು ಗಂಟೆಯಲ್ಲಿ ಬಳಿದೆವು. ಹಲಸಿನ ಮರದ ಬುಡದಲ್ಲಿ ಒರತೆ ಜಿನುಗುವ ಹತ್ತು ಅಡಿಯಲ್ಲಿ ಮಾತ್ರ ಈಗಲೂ ಗುದ್ದಲಿ, ಬುಟ್ಟಿಗಳೇ ಗತಿ.