ಸೆನ್ಸರ್ ಕೆಟ್ಟರೆ ವಿಮಾನ ಬಿದ್ದುಹೋಗುತ್ತಾ?

ಇಲ್ಲ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು. ನಾನು ಹಾಸನದವನು, ಬೆಂಗಳೂರಲ್ಲಿ ವಿಮಾನಗಳ ರಿಪೇರಿ ಕೆಲಸ. ಹಬ್ಬಕ್ಕೋ ಮದುವೆಗೋ ಊರಿಗೆ ಬಂದರೆ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವ ಧಾಟಿಯೇ ಬೇರೆ. ‘ಬಿದ್ದೋಗುತ್ತಂತಲ್ಲ?’ ವಾಟ್ಸಾಪ್‌ನಲ್ಲಿ ತೀರ್ಪು ಆಗಲೇ ಬಂದಿರುತ್ತೆ, ನನ್ನ ಸಹಿ ಒಂದು ಬಾಕಿ.

ಚನ್ನರಾಯಪಟ್ಟಣದ ಕಡೆ ಒಂದು ಬೀಗರೂಟ. ಎಲೆಗೆ ಮುದ್ದೆ ಬಿದ್ದಿತ್ತು, ಮಟನ್ ಸಾರು ಇನ್ನೂ ಎರಡು ಎಲೆ ಆಚೆ ಇತ್ತು. ಮಾವ ಶುರು ಮಾಡಿದರು: ‘ಅಲ್ಲ ಕಣೋ, ಮೀಟರ್ ಒಂದು ಕೆಟ್ಟೋದ್ರೆ ಇನ್ನೂರು ಜನ ಸಾಯ್ತಾರಂತಲ್ಲ. ಮತ್ತೆ ನೀವೆಲ್ಲ ಅಲ್ಲಿ ಏನ್ ಮಾಡ್ತಿರ್ತೀರ?’ ಇಡೀ ಪಂಕ್ತಿ ನನ್ನ ಕಡೆ ತಿರುಗಿತು.

‘ಮಾವ, ನಿಮ್ಮೂರ ಡೈರಿ ಫ್ಯಾಟ್ ಮೆಷಿನ್ ಪೂರ್ತಿ ಕೆಟ್ಟು ನಿಂತರೆ ಏನಾಗುತ್ತೆ?’

‘ಏನಾಗುತ್ತೆ, ರಿಪೇರಿಯವನು ಬರ್ತಾನೆ.’

‘ಕೆಟ್ಟಿರೋದು ಗೊತ್ತಾಗದ ಹಾಗೆ ನಾಲ್ಕೂವರೆ ಫ್ಯಾಟನ್ನ ದಿನಾ ಮೂರೂವರೆ ಅಂತ ತೋರಿಸಿದರೆ?’

ಮಾವ ಒಂದು ಕ್ಷಣ ಸುಮ್ಮನಾದರು. ಆಮೇಲೆ ಡೈರಿಯವರನ್ನು ಬೈಯೋಕೆ ಕೂತರು. ನನ್ನ ಉತ್ತರ ಅಲ್ಲೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೀತಿದೀನಿ, ಇನ್ನು ಮೇಲೆ ಲಿಂಕ್ ಕಳಿಸಿ ಊಟ ಮಾಡ್ತೀನಿ.

ಸತ್ತ ಸೆನ್ಸರ್‌ನಿಂದ ತೊಂದರೆ ಕಡಿಮೆ. ಸತ್ತಿದೆ ಅಂತ ಕಂಪ್ಯೂಟರ್‌ಗೆ ತಿಳಿಯುತ್ತೆ, ಇನ್ನೊಂದರಿಂದ ಕೆಲಸ ನಡೆಯುತ್ತೆ. ಬದುಕಿದ್ದು ಸುಳ್ಳು ಹೇಳುತ್ತಲ್ಲ, ಅದು ಕಷ್ಟ. ವಿಮಾನದ ಮೂತಿಯ ಹತ್ತಿರ ಪಿಟೋ ಟ್ಯೂಬ್ ಅಂತ ಸಣ್ಣ ಕೊಳವೆಗಳಿರುತ್ತವೆ. ಎದುರು ನುಗ್ಗುವ ಗಾಳಿಯ ಒತ್ತಡದಿಂದ ವೇಗ ಹೇಳುತ್ತವೆ. ಮಂಜು ಕಟ್ಟದಿರಲಿ ಅಂತ ಒಳಗೆ ಹೀಟರ್ ಇದೆ. ವಿಮಾನ ಸುಮ್ನೆ ನಿಂತಿರುವಾಗ ಕವರ್ ಹಾಕಿ ಕೆಂಪು ರಿಬ್ಬನ್ ಇಳಿಬಿಡುತ್ತೇವೆ. ಮುಖ್ಯವಾಗಿ ಕುಂಬಾರ ಹುಳಕ್ಕೆ ಹೆದರಿ. ಮಲೆನಾಡಿನ ಮನೆಗಳಲ್ಲಿ ಕೀಲಿ ತೂತನ್ನೂ ಬಿಡದೆ ಮಣ್ಣು ಮೆತ್ತುತ್ತಲ್ಲ, ಅದರ ಜಾತಿಯವು.

1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬಿರ್ಗೆನ್‌ಏರ್ ಕಂಪನಿಯ ಬೋಯಿಂಗ್ 757 ವಿಮಾನದಲ್ಲಿ ಕ್ಯಾಪ್ಟನ್ ಕಡೆಯ ಪಿಟೋ ಮುಚ್ಚಿತ್ತು. ಹುಳದ ಗೂಡೇ ಇರಬೇಕು ಅಂತ ತನಿಖೆಯ ಅಂದಾಜು. ಮೇಲೇರಿದಷ್ಟೂ ಆ ಮೀಟರ್‌ನಲ್ಲಿ ವೇಗ ಜಾಸ್ತಿ ಕಾಣುತ್ತಾ ಹೋಯಿತು. ಅದನ್ನೇ ನಂಬಿದ ಆಟೋಪೈಲಟ್ ಮೂತಿ ಎತ್ತಿತು, ನಿಜವಾದ ವೇಗ ಇಳಿಯಿತು. ಪಕ್ಕದ ಪೈಲಟ್‌ನ ಮೀಟರ್ ಸರಿಯಾಗಿಯೇ ಇತ್ತು. 189 ಜನ ಸತ್ತರು.

ಹಾಗಾಗಿ, ಕೇಳೋದಾದರೆ ಇದನ್ನು ಕೇಳಿ: ಎರಡು ಮೀಟರ್ ಎರಡು ಮಾತಾಡಿದರೆ ಯಾವುದನ್ನು ನಂಬೋದು? ಪುಣ್ಯಕ್ಕೆ ಇದನ್ನು ಯಾರೂ ಕೇಳಲ್ಲ, ಕೇಳಿದ್ದರೆ ನನ್ನ ಮುದ್ದೆ ಆರುತ್ತಿತ್ತು.

ಮೂರು ಇಟ್ಟು ವೋಟು ಹಾಕಿಸೋದು ಒಂದು ದಾರಿ. ಒಂಟಿಯಾದದ್ದನ್ನು ಕಂಪ್ಯೂಟರ್ ಹೊರಗಿಡುತ್ತೆ. ಒಳ್ಳೆಯ ದಾರಿಯೇ, ಆದರೆ 2008ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಪರ್ಪಿನ್ಯಾಂ ಹತ್ತಿರ ಒಂದು ಏರ್‌ಬಸ್ ಎ320 ವಿಮಾನ ಇದರಲ್ಲೇ ಸಿಕ್ಕಿಬಿತ್ತು. ತೊಳೆಯುವಾಗ ನೀರು ಹೊಕ್ಕು, ಮೇಲೆ ಹೋದಾಗ ಹೆಪ್ಪುಗಟ್ಟಿ, ರೆಕ್ಕೆಗೆ ಗಾಳಿ ಬಡಿಯುವ ಕೋನ ಅಳೆಯುವ ಎರಡು ಸೆನ್ಸರ್ ಒಂದೇ ಕಡೆ ಅಂಟಿಕೊಂಡವು. ಸರಿಯಾಗಿದ್ದ ಮೂರನೆಯದು ವೋಟಿನಲ್ಲಿ ಸೋತಿತು. 7 ಜನ ಹೋದರು.

ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಕಥೆಯಲ್ಲಿ ವೋಟೇ ಇರಲಿಲ್ಲ. ಆ ಕೋನದ ಸೆನ್ಸರ್ ಎರಡಿದ್ದರೂ ಎಂಕ್ಯಾಸ್ (MCAS) ಅನ್ನೋ ಸಾಫ್ಟ್‌ವೇರ್ ಒಂದರ ಮಾತು ಮಾತ್ರ ಕೇಳಿ ಮೂತಿಯನ್ನು ಕೆಳಗೆ ತಳ್ಳುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಲಯನ್ ಏರ್‌ನ 189 ಜನ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ತರು. ಇದನ್ನು ಸಮರ್ಥಿಸೋಕೆ ನನ್ನಿಂದಾಗಲ್ಲ. ಈಗ ಎರಡನ್ನೂ ಹೋಲಿಸುತ್ತೆ, 5.5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸುಮ್ಮನಿರುತ್ತೆ.

ಯಾವ ವೇಗವನ್ನೂ ನಂಬೋ ಹಾಗಿಲ್ಲ ಅನ್ನುವಾಗ ಪೈಲಟ್‌ಗಳಿಗೆ ಬಾಯಿಪಾಠವಿದೆ. ಆಟೋಪೈಲಟ್ ತೆಗಿ. 737 ಆದರೆ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಮಡಚಿದ್ದಾಗ ಮೂತಿ 4 ಡಿಗ್ರಿ ಮೇಲಕ್ಕೆ, ಇಂಜಿನ್ ಶೇಕಡಾ 75. ಈ ಎರಡಕ್ಕೂ ಪಿಟೋ ಬೇಕಿಲ್ಲ. ಅಷ್ಟಕ್ಕೇ ವಿಮಾನ ಹಾರುತ್ತಿರುತ್ತೆ, ಯಾವ ಮೀಟರ್ ಸುಳ್ಳು ಅಂತ ಆಮೇಲೆ ನೋಡಬಹುದು. 2009ರಲ್ಲಿ ಏರ್ ಫ್ರಾನ್ಸ್ 447ರ ವೇಗದ ಮೀಟರ್‌ಗಳು ಮಂಜಿನಿಂದ ದಾರಿ ತಪ್ಪಿದ್ದು ಒಂದು ನಿಮಿಷವೂ ಇಲ್ಲ. ಆ ಹೊತ್ತಲ್ಲಿ ಮೂತಿ ಎತ್ತಿದ್ದು ಮುಳುವಾಯಿತು.

ಇನ್ನು ಮಾವನ ‘ನೀವೆಲ್ಲ ಏನ್ ಮಾಡ್ತಿರ್ತೀರ’ಕ್ಕೆ. ಬಿದ್ದ ಆ ಲಯನ್ ಏರ್ ವಿಮಾನ ಹಿಂದಿನ ದಿನ ಅದೇ ಸೆನ್ಸರ್ ಇಟ್ಟುಕೊಂಡೇ ಬಾಲಿಯಿಂದ ಜಕಾರ್ತಕ್ಕೆ ಬಂದು ಇಳಿದಿತ್ತು. ಸೆನ್ಸರ್ ಸುಮಾರು 21 ಡಿಗ್ರಿ ತಪ್ಪು ತೋರಿಸುತ್ತಿತ್ತು. ಪೈಲಟ್ ಕೈಲಿದ್ದ ಕಂಟ್ರೋಲ್ ಎಚ್ಚರಿಕೆ ಕೊಡುತ್ತಾ ದಾರಿಯುದ್ದಕ್ಕೂ ನಡುಗುತ್ತಲೇ ಇತ್ತು. ಮೂತಿ ತಳ್ಳುವ ಮೋಟರಿನ ಸ್ವಿಚ್ ಆಫ್ ಮಾಡಿ ಇಳಿಸಿದರು. ಲಾಗ್‌ಬುಕ್‌ನಲ್ಲಿ ಮಾತ್ರ ಆ ನಡುಕದ ಸುದ್ದಿಯೂ ಇಲ್ಲ, ಸ್ವಿಚ್ಚಿನ ಸುದ್ದಿಯೂ ಇಲ್ಲ. ರಿಪೇರಿಯವರು ಬರೆದಿದ್ದಷ್ಟನ್ನು ನೋಡಿದರು, ವಿಮಾನ ಬೆಳಗ್ಗೆ ಮತ್ತೆ ಹೊರಟಿತು. ನಮ್ಮನ್ನು ಬೈಯೋದಿದ್ದರೆ ಬೈಯಿರಿ, ಮೊದಲು ಆ ಪುಸ್ತಕ ತರಿಸಿ ಓದಿ.