ಹಂಚಿಕೊಂಡ ಫೋಲ್ಡರಿನಲ್ಲಿ ಕಡತದ ಮಾಲೀಕರು ಯಾರು?

ಲಿನಕ್ಸ್ ಸರ್ವರಿನಲ್ಲಿರುವ ಫೋಲ್ಡರೊಂದನ್ನು ಸಾಂಬಾ ಎಂಬ ಕಡತ ಹಂಚುವ ತಂತ್ರಾಂಶದ ಮೂಲಕ ವಿಂಡೋಸ್ ಕಂಪ್ಯೂಟರುಗಳಿಗೆ ಹಂಚಿರುವ ಸಣ್ಣ ಕಚೇರಿಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ಒಬ್ಬರು ಮಾಡಿಟ್ಟ ಕಡತವನ್ನು ಪಕ್ಕದವರು ತೆರೆದು ಓದಬಲ್ಲರು, ಆದರೆ ತಿದ್ದಿ ಸೇವ್ ಮಾಡಲಾರರು. ಇದಕ್ಕೆ ಎಲ್ಲರೂ ಬಲ್ಲ ಮದ್ದೆಂದರೆ ಇಡೀ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟು ಕೈತೊಳೆದುಕೊಳ್ಳುವುದು. ಅದನ್ನು ನಾನು ಒಪ್ಪುವುದಿಲ್ಲ. ಸರ್ವರಿನಲ್ಲಿ ಖಾತೆಯಿರುವ ಯಾರು ಬೇಕಾದರೂ ಕಡತಗಳಿಗೆ ಕೈಹಾಕಬಹುದು ಎಂಬುದು ಒಂದು ಕಾರಣವಾದರೆ, ನಾಳೆ ಹುಟ್ಟುವ ಕಡತಕ್ಕೆ ಆ 777 ತಾಗುವುದೇ ಇಲ್ಲ ಎಂಬುದು ಇನ್ನೂ ದೊಡ್ಡ ಕಾರಣ.

ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಲೆಕ್ಕ ಬಹುಮಂದಿಗೆ ಗೊತ್ತು. ಇವನ್ನು ಕೂಡಿಸಿ ಬರುವ ಮೂರು ಅಂಕಿಗಳು ಕ್ರಮವಾಗಿ ಮಾಲೀಕರಿಗೆ, ಗುಂಪಿಗೆ, ಉಳಿದವರಿಗೆ. ಫೋಲ್ಡರಿನ ವಿಷಯದಲ್ಲಿ ಮಾತ್ರ ಆ 1 ಎಂದರೆ ಒಳಹೊಕ್ಕು ಮುಂದೆ ಸಾಗುವ ಹಕ್ಕು. ಮೇಲಿನ ಯಾವುದಾದರೂ ಒಂದು ಫೋಲ್ಡರಿನಲ್ಲಿ ಅದಿಲ್ಲದಿದ್ದರೆ ಕಡತದ ಅನುಮತಿ ಎಷ್ಟೇ ಸರಿಯಿದ್ದರೂ ದಾರಿ ಅಲ್ಲಿಗೇ ಮುಚ್ಚುತ್ತದೆ. ಕಡತವನ್ನು ಅಳಿಸುವ ಹಕ್ಕು ಕೂಡ ಸಾಮಾನ್ಯವಾಗಿ ಫೋಲ್ಡರಿನಿಂದಲೇ ಬರುವುದರಿಂದ, ತಿದ್ದಲಾಗದ ಕಡತವನ್ನು ಅಳಿಸಲು ಸಾಧ್ಯವಾಗುವ ವಿಚಿತ್ರವೂ ಉಂಟು.

ನಿಜವಾದ ತೊಡಕಿರುವುದು ಕಡತ ಹುಟ್ಟುವ ಗಳಿಗೆಯಲ್ಲಿ. ಉಬುಂಟುವಿನಂತಹ ವ್ಯವಸ್ಥೆಗಳು ಪ್ರತಿ ಬಳಕೆದಾರರಿಗೂ ಅವರದೇ ಹೆಸರಿನ ಗುಂಪೊಂದನ್ನು ಮಾಡಿಕೊಡುವುದರಿಂದ, ಹೊಸ ಕಡತ ಆ ಖಾಸಗಿ ಗುಂಪಿಗೆ ಸೇರುತ್ತದೆಯೇ ಹೊರತು ಕಚೇರಿಯ ಗುಂಪಿಗಲ್ಲ. ಇದರ ಜೊತೆಗೆ ಹೊಸ ಕಡತದಲ್ಲಿ ಯಾವ ಹಕ್ಕುಗಳು ಉಳಿಯಬಹುದೆಂದು ಹೇಳುವ ಸಾಂಬಾದ ಕ್ರಿಯೇಟ್ ಮಾಸ್ಕ್ ತಾನಾಗಿಯೇ 0744 ಇರುವುದರಿಂದ ಗುಂಪಿನ ಬರೆಯುವ ಹಕ್ಕು ಮೊದಲೇ ಕತ್ತರಿಸಿಹೋಗಿರುತ್ತದೆ. ವರ್ಡ್‌ನಂತಹ ತಂತ್ರಾಂಶಗಳು ಸೇವ್ ಮಾಡುವಾಗ ತಾತ್ಕಾಲಿಕ ಕಡತವೊಂದನ್ನು ಬರೆದು ಅದಕ್ಕೆ ಹಳೆಯ ಹೆಸರನ್ನು ಕೊಡುತ್ತವೆ. ನೀವು ಮಾಲೀಕರನ್ನು ಬದಲಿಸುವ ಚೌನ್ ಆಜ್ಞೆಯಿಂದ ಸರಿಪಡಿಸಿದ ಮಾಲೀಕತ್ವ ಮರುದಿನವೇ ಬದಲಾಗಿ ಕಾಣುವುದಕ್ಕೆ ಇದೇ ಕಾರಣ.

ಆದ್ದರಿಂದ ಫೋಲ್ಡರನ್ನು ಕಚೇರಿಯ ಗುಂಪಿಗೆ ಸೇರಿಸಿ 2770 ಕೊಡಬೇಕು. ಮೊದಲ ಅಂಕಿಯಾದ 2 ಸೆಟ್‌ಜಿಐಡಿ ಬಿಟ್. ಅದಿದ್ದಲ್ಲಿ ಒಳಗೆ ಹುಟ್ಟುವುದೆಲ್ಲವೂ ಫೋಲ್ಡರಿನ ಗುಂಪನ್ನೇ ಪಡೆಯುತ್ತದೆ. ಸಾಂಬಾದಲ್ಲಿ ಕ್ರಿಯೇಟ್ ಮಾಸ್ಕನ್ನು 0660, ಹೊಸ ಫೋಲ್ಡರುಗಳಿಗೆ ಅದೇ ಕೆಲಸ ಮಾಡುವ ಡೈರೆಕ್ಟರಿ ಮಾಸ್ಕನ್ನು 2770 ಮಾಡಬೇಕು. ಸರ್ವರಿನಲ್ಲೇ ಎಂವಿ ಆಜ್ಞೆಯಿಂದ ಬೇರೆಡೆಯಿಂದ ಸರಿಸಿ ತಂದ ಕಡತ ಮಾತ್ರ ತನ್ನ ಹಳೆಯ ಗುಂಪನ್ನು ಬಿಡುವುದಿಲ್ಲವಾದ್ದರಿಂದ ನಕಲು ಮಾಡಿ ತರುವುದು ಲೇಸು. ಬಳಕೆದಾರರನ್ನು ಗುಂಪಿಗೆ ಹೊಸದಾಗಿ ಸೇರಿಸಿದ್ದರೆ, ಅವರು ಸಂಪರ್ಕ ಕಡಿದು ಮತ್ತೆ ಲಾಗಿನ್ ಆಗುವವರೆಗೂ ಅದು ಅನ್ವಯಿಸುವುದಿಲ್ಲ.

ಹಳೆಯ ಕಡತಗಳನ್ನು ಸರಿಪಡಿಸುವಾಗ ಫೋಲ್ಡರುಗಳಿಗೆ 2770, ಕಡತಗಳಿಗೆ 660 ಎಂದು ಫೈಂಡ್ ಆಜ್ಞೆಯಿಂದ ಬೇರೆಬೇರೆಯಾಗಿ ಕೊಡಿ. ಅದಕ್ಕೂ ಮುನ್ನ ಗೆಟ್‌ಎಫ್‌ಎಸಿಎಲ್ ಆಜ್ಞೆಯಿಂದ ಈಗಿನ ಅನುಮತಿಗಳನ್ನೆಲ್ಲ ಒಂದು ಕಡತಕ್ಕೆ ಬರೆಸಿಟ್ಟುಕೊಂಡರೆ, ಎಡವಟ್ಟಾದಾಗ ಸೆಟ್‌ಎಫ್‌ಎಸಿಎಲ್ ಅದನ್ನೇ ಓದಿ ಹಿಂದಿನ ಸ್ಥಿತಿಯನ್ನು ಮರಳಿ ತರುತ್ತದೆ.