ಬೋರ್ಡಿಲ್ಲದ ಎಂಜಿನಿಯರನ್ನು ಜನ ಏಕೆ ನಂಬಬೇಕು?

ನಾನು ಮೈಸೂರಿನಲ್ಲಿ ಮನೆ ಕಟ್ಟಿಸುವವರ ಪರವಾಗಿ ಉಸ್ತುವಾರಿ ನೋಡಿಕೊಳ್ಳುವ ಸಿವಿಲ್ ಎಂಜಿನಿಯರ್, ಗುತ್ತಿಗೆದಾರನಲ್ಲ. ಎನ್‌ಐಇಯಿಂದಲೋ, ಎಸ್‌ಜೆಸಿಇಯಿಂದಲೋ, ಮಂಡ್ಯದ ಪಿಇಎಸ್ ಕಾಲೇಜಿನಿಂದಲೋ ಹೊರಬಂದು, ಕೆಲವು ವರ್ಷ ಕಂಪನಿಗಳಲ್ಲಿ ದುಡಿದು, ಇನ್ನು ಸ್ವಂತವಾಗಿ ನಿಲ್ಲೋಣ ಎನ್ನುವ ಕಿರಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, ನಮಗೆ ಕಂಪನಿಯ ಹೆಸರಿಲ್ಲ, ಕಚೇರಿಯಿಲ್ಲ. ಜೀವಮಾನದ ಉಳಿತಾಯವನ್ನು ಮನೆಗೆ ಸುರಿಯುವವರು ನಮ್ಮನ್ನು ಹೇಗೆ ನಂಬುತ್ತಾರೆ?" ಮಾತುಗಾರಿಕೆಯದೋ ಪ್ರಚಾರದ್ದೋ ಒಂದು ಉಪಾಯ ಸಿಕ್ಕೀತೆಂಬ ನಿರೀಕ್ಷೆ ಅವರಲ್ಲಿರುತ್ತದೆ. ನಾನು ಹೇಳುವುದಿಷ್ಟು: ನಂಬಿ ಎಂದು ಕೇಳಲೇಬೇಡಿ, ನಿಮ್ಮ ಕೆಲಸವನ್ನು ಮನೆಯವರೇ ಪರೀಕ್ಷಿಸಿ ನೋಡುವ ದಾರಿಯನ್ನು ಅವರಿಗೆ ಕಲಿಸಿಕೊಡಿ.

ಕಂಬಿಯ ವಿಷಯವನ್ನೇ ತೆಗೆದುಕೊಳ್ಳೋಣ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ಕಂಬಿ ಎಷ್ಟು ಕಿಲೋ ತೂಗಬೇಕೆಂಬುದು ಸಿಗುತ್ತದೆ. ಹನ್ನೆರಡು ಎಂಎಂ ಕಂಬಿಯಾದರೆ ಸುಮಾರು 890 ಗ್ರಾಂ, ಎಂಟು ಎಂಎಂ ಆದರೆ 395 ಗ್ರಾಂ. ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ನಾನು ಈ ಲೆಕ್ಕವನ್ನು ಹೇಳಿಕೊಟ್ಟೆ. ಅವರು ಕಂಬಿ ಕತ್ತರಿಸಿ ಬಗ್ಗಿಸುವ ಬಾರ್ ಬೆಂಡರ್ ಕೈಯಲ್ಲಿ ಒಂದೊಂದು ಮೀಟರಿನ ಐದಾರು ತುಂಡು ಕತ್ತರಿಸಿಸಿ, ಅವನ್ನು ಚೀಲಕ್ಕೆ ಹಾಕಿಕೊಂಡು ರಸ್ತೆಯ ತುದಿಯ ದಿನಸಿ ಅಂಗಡಿಗೆ ಹೋದರು. ಅಂಗಡಿಯವರು ಬೇಳೆ ತೂಗುತ್ತಿದ್ದ ತಕ್ಕಡಿಯನ್ನು ಒರೆಸಿ, ಕಂಬಿಗಳನ್ನು ಒಂದೊಂದಾಗಿ ಇಟ್ಟು ತೂಗಿಕೊಟ್ಟರಂತೆ. ಹನ್ನೆರಡು ಎಂಎಂ ಕಂಬಿಗೆ ಭಾರತೀಯ ಮಾನಕವು ಶೇಕಡ 5ರಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಸರಾಸರಿ 845 ಗ್ರಾಂಗಿಂತ ಕೆಳಗಿಳಿದರೆ ಕಂಬಿ ಕೊಟ್ಟವರನ್ನು ಪ್ರಶ್ನಿಸಬಹುದು ಎಂಬುದನ್ನೂ ಮೇಷ್ಟ್ರು ಚೀಟಿಯಲ್ಲಿ ಬರೆದುಕೊಂಡಿದ್ದರು. ಕಂಬಿ ಸರಿಯಾಗಿಯೇ ಇತ್ತು. ಆದರೆ ಆ ದಿನದಿಂದ ಅವರು ಸಿಮೆಂಟ್ ಚೀಲದ ಮೇಲೆ ಮುದ್ರಿಸಿರುವ ವಾರ ಮತ್ತು ವರ್ಷವನ್ನು ಓದತೊಡಗಿದರು, ನನ್ನ ಸೈಟ್ ಡೈರಿಯಲ್ಲಿ ಕೂಡಿಸಿದ ಮೊತ್ತವನ್ನೂ ಮತ್ತೆ ಕೂಡಿಸಿ ನೋಡತೊಡಗಿದರು. ನನಗೆ ಬೇಕಾದದ್ದೂ ಅದೇ.

ಇದಕ್ಕೆ ವಿರುದ್ಧವಾದ ಸ್ವಭಾವದವರೂ ಇದ್ದಾರೆ. "ನೀವಿದ್ದೀರಲ್ಲ ಸಾರ್, ನಾನ್ಯಾಕೆ ನೋಡ್ಲಿ?" ಎನ್ನುವ ಯಜಮಾನರ ಮಾತು ಕೇಳಲು ಹಿತವಾಗಿರುತ್ತದೆ, ಆದರೂ ನಾನು ಅದಕ್ಕೆ ಹೆದರುತ್ತೇನೆ. ಏನನ್ನೂ ನೋಡದೆ ಇಟ್ಟ ನಂಬಿಕೆ, ಗೃಹಪ್ರವೇಶಕ್ಕೆ ಬಂದ ಭಾವಮೈದುನನೊಬ್ಬ "ಚದರಕ್ಕೆ ಇಷ್ಟೊಂದು ಆಯ್ತಾ?" ಎಂದು ಕೇಳಿದೊಡನೆ ಕರಗಿಹೋಗುತ್ತದೆ. ಆಗ ಎತ್ತಿ ತೋರಿಸಲು ಕಾಗದ ಬೇಕು. ಆದ್ದರಿಂದ ಪಾಯ ಮುಗಿದ ಮೇಲೆ ದೇವರ ಕೋಣೆಯನ್ನು ಈಶಾನ್ಯಕ್ಕೆ ಸರಿಸಬೇಕೆಂದು ಮನೆಯ ಹಿರಿಯರು ಹೇಳಿದರೆ, ನಾನು ವಾಸ್ತುವಿನ ಚರ್ಚೆಗೆ ಇಳಿಯುವುದಿಲ್ಲ. ಏನು ಬದಲಾಗುತ್ತದೆ, ಎಷ್ಟು ಹಣ ಮತ್ತು ಎಷ್ಟು ದಿನ ಹೆಚ್ಚಾಗುತ್ತದೆ ಎಂಬುದನ್ನು ಆ ಸಂಜೆಯೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಒಪ್ಪಿಗೆ ಬರುವತನಕ ಮೇಸ್ತ್ರಿಗೆ ಗೋಡೆ ಮುಟ್ಟಬೇಡಿ ಎಂದು ಹೇಳಿರುತ್ತೇನೆ.

ಹಣದ ವಿಷಯದಲ್ಲಿ ಎರಡು ಮಾತು ಸಾಕು. ಒಟ್ಟು ಖರ್ಚಿನ ಮೇಲೆ ಶೇಕಡಾವಾರು ಶುಲ್ಕ ಪಡೆದರೆ ಮನೆಯವರ ಖರ್ಚು ಏರಿದಷ್ಟೂ ನಮ್ಮ ಸಂಪಾದನೆ ಏರುತ್ತದೆ. ಆ ಅನುಮಾನಕ್ಕೆ ಎಡೆಯಿಲ್ಲದಂತೆ ಚದರಕ್ಕಿಷ್ಟು ಎಂದು ಮೊದಲೇ ನಿಗದಿ ಮಾಡಿಕೊಳ್ಳುವುದು ಮೇಲು. ಟೈಲ್ಸ್ ಅಂಗಡಿಯವರು ಕೊಡಲು ಬರುವ ಕಮಿಷನ್ನನ್ನು ಬೇಡವೆಂದು ತಿರುಗಿಸಿದರೆ ಸಾಲದು, ಅಷ್ಟನ್ನೂ ಬಿಲ್ಲಿನಲ್ಲಿ ಕಡಿತ ಮಾಡಿಸಬೇಕು.

ಇನ್ನು ನಾವು ಬೆಳೆಯುವ ಬಗೆ. ಮೈಸೂರಿನಲ್ಲಿ ಆಷಾಢ ಬಂತೆಂದರೆ ಜನ ಶುಕ್ರವಾರಗಳಂದು ಬೆಟ್ಟ ಹತ್ತುತ್ತಾರೆಯೇ ಹೊರತು ಗುದ್ದಲಿ ಪೂಜೆ ಮಾಡಿಸುವುದಿಲ್ಲ. ಹೊಸ ಕೆಲಸವಿಲ್ಲದ ಆ ತಿಂಗಳನ್ನು ನಾನು ಓದಿಗೆ ಮೀಸಲಿಟ್ಟಿದ್ದೇನೆ. ಕಾಂಕ್ರೀಟಿನ ಮಾನಕವಾದ ಐಎಸ್ 456 ಅನ್ನು ಪರೀಕ್ಷೆಗೆಂದು ಓದುವುದಕ್ಕೂ, ಸೈಟಿನಲ್ಲಿ ಮೇಸ್ತ್ರಿ ಎತ್ತಿದ ಆಕ್ಷೇಪಕ್ಕೆ ಉತ್ತರ ಹುಡುಕುತ್ತ ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಸಾಕಾದರೂ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ಏಕೆ ಬೇಕೆಂಬುದನ್ನು ಮೇಸ್ತ್ರಿಗೂ ಮನೆಯವರಿಗೂ ಆಡುಮಾತಿನಲ್ಲಿ ತಿಳಿಸಿ ಹೇಳಲಾಗದಿದ್ದರೆ ನಮಗೂ ಅದು ಪೂರ್ತಿ ತಿಳಿದಿಲ್ಲವೆಂದೇ ಅರ್ಥ. ಹಾಗೆಯೇ, ಮಂಡ್ಯದ ಕಡೆ ನಾಲೆಯ ನೀರು ಹರಿಯುತ್ತಿದ್ದ ಗದ್ದೆಯನ್ನು ಲೇಔಟ್ ಮಾಡಿದ ಜಾಗದಲ್ಲಿ ಮನೆ ಎಂದರೆ, ಮಣ್ಣಿನ ಪರೀಕ್ಷೆಯ ವರದಿ ಬರುವ ಮೊದಲು ಪಾಯದ ಆಳದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಪಕ್ಕದ ಸೈಟಿನವರು ಪರೀಕ್ಷೆಯಿಲ್ಲದೆಯೇ ಕಟ್ಟಿದ್ದಾರಲ್ಲ ಎಂದು ಬೇಸರಪಟ್ಟು ಬೇರೆಯವರ ಬಳಿಗೆ ಹೋದವರೂ ಇದ್ದಾರೆ, ಹೋಗಲಿ.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಶುಲ್ಕದ ಹತ್ತಿರ: ಹೊಸಬರು ಕಡಿಮೆ ಕೇಳಿದರೆ ಜನ ಬರುತ್ತಾರೆಯೇ? ದರವನ್ನು ಇಳಿಸಬೇಡಿ, ಮೊದಲ ಕೆಲಸವನ್ನು ಚಿಕ್ಕದಾಗಿ ಒಪ್ಪಿಕೊಳ್ಳಿ ಎನ್ನುತ್ತೇನೆ. ಇಡೀ ಮನೆಯ ಉಸ್ತುವಾರಿಯನ್ನು ಅಪರಿಚಿತರು ಮೊದಲ ದಿನವೇ ವಹಿಸುವುದಿಲ್ಲ. ತಾರಸಿಯ ಮೋಲ್ಡ್ ಹಾಕುವ ಹಿಂದಿನ ದಿನದ ಒಂದೇ ಒಂದು ತಪಾಸಣೆಯನ್ನು ವಹಿಸಲು ಅಷ್ಟು ಹಿಂಜರಿಯುವುದಿಲ್ಲ. ಅಂದು ಕಂಬಿಯ ಅಂತರವನ್ನು ನಕ್ಷೆಯೊಂದಿಗೆ ತಾಳೆ ನೋಡಿ, ಕಂಬಿಯ ಕೆಳಗೆ ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಇದೆಯೇ, ಸೆಂಟ್ರಿಂಗಿನ ಆಸರೆಗಳು ಗಟ್ಟಿ ನೆಲದ ಮೇಲೆ ನಿಂತಿವೆಯೇ ಎಂಬುದನ್ನು ಮನೆಯವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ, ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿ ಕೊಡಿ; ಶುಲ್ಕವನ್ನು ಆ ಪುಟ ಕೊಟ್ಟ ಮೇಲೆ ಕೇಳಿ.